ಊರ ನಡುವಿನ ಖಾಲಿ ಜಾಗ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಪೇಟೆಗಳ ಇಂದಿನ ಬದುಕನ್ನು ರೂಪಿಸಿದವು ಯಾರೋ ಎಂದೋ ಬಿಟ್ಟ ಬಯಲು, ತೋಡಿದ ಬಾವಿ, ಎಳೆದ ರಸ್ತೆಗಳು

ಗುರುವಾರ ಬಂತೆಂದರೆ ಹಾವೇರಿಯ ಚಹರೆಯೇ ಬದಲಾಗುತ್ತದೆ. ಸುತ್ತಲಿನ ಹಳ್ಳಿಗಳಿಂದ ಬಸ್ಸು, ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಜನ ಬಂದಿಳಿಯುತ್ತಾರೆ. ದನದ ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾರೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ಬ್ಯಾಡಗಿಯಲ್ಲಿ ಸುಗ್ಗಿಯ ಕಾಲದ ಸೋಮವಾರ ಮತ್ತು ಗುರುವಾರಗಳಂದು ಮೆಣಸಿನಕಾಯಿ ಚೀಲ ಹೊತ್ತ ಲಾರಿಗಳ ಸಾಲು ಊರ ಹೊರಗಿನಿಂದಲೇ ಆರಂಭವಾಗುತ್ತದೆ. ಊರಿಗೆ ಹೊಸಬರಾದವರು ಬಸ್ಸಿನಿಂದ ಇಳಿಯುತ್ತಲೇ ಸೀನುತ್ತಾರೆ. ರಾಣೆಬೆನ್ನೂರಿನಲ್ಲಿ ಶಾಲೆ ಬಿಡುವ ಹೊತ್ತಿಗೆ ಪಿ.ಬಿ. ರಸ್ತೆ ದಾಟುವುದೆಂದರೆ ಮಕ್ಕಳಿಗೆ ದಿನದಿನದ ಪರೀಕ್ಷೆ.

ಹಾವೇರಿಯ ಸಂತೆ ಗುರುವಾರವೇ ಏಕೆ? ಬ್ಯಾಡಗಿಯ ಮುಖ್ಯರಸ್ತೆ ಅಷ್ಟು ಇಕ್ಕಟ್ಟಾದದ್ದು ಹೇಗೆ? ಮನವಿ ಕೊಡುವವರು, ಧರಣಿ ಕೂರುವವರು ಊರಲ್ಲಿ ಎಷ್ಟೋ ಜಾಗಗಳಿದ್ದರೂ ಒಂದೇ ವೃತ್ತಕ್ಕೆ ಬಂದು ಸೇರುವುದೇಕೆ? ಇವು ದಿನನಿತ್ಯ ಕಣ್ಣಿಗೆ ಬೀಳುವ ಸಂಗತಿಗಳಾದ್ದರಿಂದ ಯಾರೂ ಕೇಳದ ಪ್ರಶ್ನೆಗಳು. ಉತ್ತರ ಇರುವುದು ಊರಿನ ಇತಿಹಾಸದಲ್ಲಿ, ಅದರಲ್ಲೂ ಊರಿನ ಸಾರ್ವಜನಿಕ ಸ್ಥಳಗಳ ಇತಿಹಾಸದಲ್ಲಿ.

ಸಾರ್ವಜನಿಕ ಸ್ಥಳ ಎಂದರೇನು? ಚೀಟಿ ಕೊಳ್ಳದೆ, ಅಪ್ಪಣೆ ಕೇಳದೆ, ಯಾರ ಮನೆಯವರೆಂದು ಹೇಳಿಕೊಳ್ಳದೆ ಯಾರು ಬೇಕಾದರೂ ಬಂದು ನಿಲ್ಲಬಹುದಾದ ಜಾಗ. ರಸ್ತೆ, ಸಂತೆ ಬಯಲು, ಕೆರೆ ಏರಿ, ಮೈದಾನ, ಉದ್ಯಾನ, ವಾಚನಾಲಯ, ಬಸ್ ನಿಲ್ದಾಣ ಇವೆಲ್ಲ ಈ ಪಟ್ಟಿಗೆ ಸೇರುತ್ತವೆ. ಮನೆ ಕಟ್ಟಿದವರ ಹೆಸರು ಮನೆಯ ಮೇಲೆ ಇರುತ್ತದೆ. ಬಯಲು ಬಿಟ್ಟವರ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೆ ಊರು ಉಸಿರಾಡುವುದು ಆ ಬಯಲಿನಿಂದಲೇ.

ಅಗಸಿ, ಕಟ್ಟೆ, ಚಾವಡಿ

ಈ ಸೀಮೆಯ ಹಳೆಯ ಊರುಗಳಿಗೆಲ್ಲ ಹೆಚ್ಚು ಕಡಿಮೆ ಒಂದೇ ಅಂಗರಚನೆ. ಊರೊಳಗೆ ಹೋಗುವ ದೊಡ್ಡ ಬಾಗಿಲು ಅಗಸಿ. ಅಗಸಿಯ ಮಗ್ಗುಲಲ್ಲಿ ಹನುಮಪ್ಪನ ಗುಡಿ, ಅದರ ಮುಂದೆ ಬೇವಿನ ಇಲ್ಲವೇ ಅರಳಿಯ ಮರ, ಮರದ ಬುಡಕ್ಕೆ ಕಟ್ಟೆ. ಸರ್ಕಾರಿ ಕೆಲಸಕ್ಕೆ ಚಾವಡಿ, ಹುಡುಗರ ಕಸರತ್ತಿಗೆ ಗರಡಿಮನೆ. ಊರ ಹೊರಗೆ ಕೆರೆ, ದನಗಳಿಗೆ ಗೋಮಾಳ. ಒಂದೊಂದು ಕಸುಬಿನವರಿಗೆ ಒಂದೊಂದು ಓಣಿ.

ಸಂತೆಯ ವಾರ ಗೊತ್ತು ಮಾಡುವುದರಲ್ಲಿಯೂ ಒಂದು ಲೆಕ್ಕಾಚಾರವಿತ್ತು. ಎತ್ತಿನ ಗಾಡಿ ಗಂಟೆಗೆ ಮೂರರಿಂದ ನಾಲ್ಕು ಕಿ.ಮೀ. ಸಾಗುತ್ತದೆ. ಬೆಳಗಿನ ಜಾವ ಹೊರಟು, ಸಂತೆ ಮಾಡಿ, ರಾತ್ರಿ ಮನೆ ಸೇರಬೇಕಾದರೆ ಸಂತೆಯ ಊರು ಹತ್ತು ಹದಿನೈದು ಕಿ.ಮೀ. ಒಳಗೆ ಇರಬೇಕು. ಅಕ್ಕಪಕ್ಕದ ಊರುಗಳ ಸಂತೆ ಒಂದೇ ದಿನ ಬಿದ್ದರೆ ವ್ಯಾಪಾರಿಗೂ ನಷ್ಟ, ಗಿರಾಕಿಗೂ ನಷ್ಟ. ಆದ್ದರಿಂದ ವಾರದ ಏಳು ದಿನಗಳನ್ನು ಊರುಗಳು ತಮ್ಮೊಳಗೆ ಹಂಚಿಕೊಂಡವು. ಬಳೆಗಾರ, ಬಟ್ಟೆ ವ್ಯಾಪಾರಿ, ಬೆಲ್ಲದವನು ಇವರೆಲ್ಲ ಸಂತೆಯಿಂದ ಸಂತೆಗೆ ತಿರುಗಿ ವಾರ ಮುಗಿಸುತ್ತಿದ್ದರು. ಶಾಲೆಯ ವೇಳಾಪಟ್ಟಿಯಂಥದೇ ಒಂದು ವೇಳಾಪಟ್ಟಿ ಅದು. ಗಾಡಿ ಹೋಗಿ ಮೋಟಾರು ಬಂದರೂ ಆ ವೇಳಾಪಟ್ಟಿ ಅಳಿಸಿಹೋಗಿಲ್ಲ. ಇಂದು ಗುರುವಾರ ಹಾವೇರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಸಿಗದಿದ್ದರೆ ಅದಕ್ಕೆ ಕಾರಣ ಎತ್ತಿನ ಗಾಡಿಯ ಕಾಲದ ಗಣಿತ!

ಹಾವೇರಿ: ಗುಡಿ, ಬಾವಿ, ಕೆರೆ

ಹಾವೇರಿಯ ಪುರಸಿದ್ಧೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕಲೆಗೆ ಒಳ್ಳೆಯ ಮಾದರಿ. ಬಳಪದ ಕಲ್ಲಿನ ಈ ಗುಡಿ ಪೂರ್ವಕ್ಕೆ ಮುಖಮಾಡದೆ ಪಶ್ಚಿಮಕ್ಕೆ ಮುಖಮಾಡಿರುವುದು ಒಂದು ವಿಶೇಷ. ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ವಿಶೇಷವೂ ಇದೆ. ಸಾಮಾನ್ಯವಾಗಿ ಗುಡಿಗೆ ಮೆಟ್ಟಿಲು ಹತ್ತಿ ಹೋಗುತ್ತೇವೆ. ಇಲ್ಲಿ ಮಂಟಪಕ್ಕೆ ಇಳಿದು ಹೋಗಬೇಕು. ಗುಡಿಯ ತಳಪಾಯ ಸುತ್ತಲಿನ ನೆಲಕ್ಕಿಂತ ಕೆಲವು ಅಡಿ ಕೆಳಗಿದೆ.

ಜನ ನೆಲೆಸಿದ ಜಾಗದಲ್ಲಿ ನೆಲಮಟ್ಟ ಏರುತ್ತಲೇ ಹೋಗುತ್ತದೆ. ಬಿದ್ದ ಗೋಡೆಯ ಮಣ್ಣು, ಮಳೆ ಹೊತ್ತು ತಂದ ಮಣ್ಣು, ಹಳೆಯದರ ಮೇಲೆ ಹಾಕಿದ ಹೊಸ ರಸ್ತೆ ಎಲ್ಲವೂ ಪದರ ಪದರವಾಗಿ ಕೂಡುತ್ತವೆ. ಪುರಾತತ್ವಜ್ಞರು ನೆಲ ಅಗೆದು ಕಾಲವನ್ನು ಅಳೆಯುವುದು ಈ ಪದರಗಳಿಂದಲೇ. ಶತಮಾನಗಳಲ್ಲಿ ನಡೆಯುತ್ತಿದ್ದ ಈ ಕೆಲಸ ಈಗ ಕೆಲವೇ ವರ್ಷಗಳಲ್ಲಿ ನಡೆಯುತ್ತಿದೆ. ಹಳೆಯ ಡಾಂಬರು ಕೀಳದೆ ಅದರ ಮೇಲೆಯೇ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕಿದಾಗ ರಸ್ತೆ ಏರುತ್ತದೆ, ಮನೆಯ ಹೊಸ್ತಿಲು ತಗ್ಗಾಗುತ್ತದೆ. ಮೊದಲ ದೊಡ್ಡ ಮಳೆಗೆ ರಸ್ತೆಯ ನೀರು ಮನೆಯೊಳಗೆ ಬರುತ್ತದೆ. ಹಳೆಯ ಓಣಿಗಳಲ್ಲಿ ಮಳೆಗಾಲದಲ್ಲಿ ಹೊಸ್ತಿಲಿಗೆ ಅಡ್ಡಲಾಗಿ ಇಟ್ಟ ಉಸುಕಿನ ಚೀಲಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಡಿ ಪೂಜೆಗೆ ಮಾತ್ರ ಇದ್ದ ಸ್ಥಳವಲ್ಲ. ಊರ ಮಹಾಜನರು ಮಂಟಪದಲ್ಲಿ ಕೂಡಿ ದತ್ತಿ, ತೆರಿಗೆ, ವ್ಯಾಜ್ಯಗಳ ತೀರ್ಮಾನ ಮಾಡುತ್ತಿದ್ದುದು, ವ್ಯಾಪಾರಿ ಸಂಘಗಳು ದಾನ ಕೊಡುತ್ತಿದ್ದುದು ಆ ಕಾಲದ ಶಾಸನಗಳಿಂದ ತಿಳಿಯುತ್ತದೆ. ತೀರ್ಮಾನವನ್ನು ಕಲ್ಲಿನ ಮೇಲೆ ಬರೆಸಿ ಎಲ್ಲರ ಕಣ್ಣೆದುರು ನಿಲ್ಲಿಸುತ್ತಿದ್ದರು. ಇಂದಿನ ಸೂಚನಾ ಫಲಕಕ್ಕೆ ಅದೇ ಹಿರಿಯಣ್ಣ.

ಹಾವೇರಿ ಎಂದೊಡನೆ ನೆನಪಾಗುವ ಏಲಕ್ಕಿ ಹಾರಕ್ಕೂ ಸಾರ್ವಜನಿಕ ಸ್ಥಳಕ್ಕೂ ನಂಟಿದೆ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಮಲೆನಾಡಿನ ಬೆಳೆ. ಆದರೂ ಘಟ್ಟದ ಏಲಕ್ಕಿ ಮೂಟೆಗಳು ಹಾವೇರಿಗೆ ಬರುತ್ತಿದ್ದವು. ಕಾರಣ ಇಲ್ಲಿನ ಬಾವಿಯ ನೀರು. ಆ ನೀರಿನಲ್ಲಿ ತೊಳೆದು ಒಣಗಿಸಿದರೆ ಏಲಕ್ಕಿಗೆ ಒಳ್ಳೆಯ ಬಿಳಿ ಬಣ್ಣ ಬರುತ್ತದೆಂದು ವರ್ತಕರು ಕಂಡುಕೊಂಡಿದ್ದರು. ಅಲ್ಲಿಂದ ಏಲಕ್ಕಿ ಪೇಟೆ ಬೆಳೆಯಿತು, ಹಾರ ಕಟ್ಟುವ ಕುಶಲಕರ್ಮಿಗಳು ನೆಲೆನಿಂತರು. ಒಂದು ಊರು ನಾಡಿಗೆಲ್ಲ ಹೆಸರಾಗಲು ನೆಲದೊಳಗಿನ ನೀರಿನ ಗುಣ ಕಾರಣವಾಯಿತೆಂಬುದು ರಸಾಯನಶಾಸ್ತ್ರದ ಪಾಠದಲ್ಲಿ ಹೇಳಬೇಕಾದ ಮಾತು.

ಊರ ಹೊರಗಿನ ಹೆಗ್ಗೇರಿಯನ್ನು ಜನ ನಳ ಮಹಾರಾಜನ ಹೆಸರಿನೊಂದಿಗೆ ಸೇರಿಸಿ ಹೇಳುವುದುಂಟು. ಅದು ಐತಿಹ್ಯ. ಹೆಸರಿನಲ್ಲಿರುವ ಅರ್ಥ ಮಾತ್ರ ನೇರ: ಹಿರಿದಾದ ಕೆರೆ. ಕೆರೆ ಎಂದರೆ ನೀರಿನ ಸಂಗ್ರಹ ಮಾತ್ರವಲ್ಲ, ಅದು ಸುತ್ತಲಿನ ಬಾವಿಗಳ ಅಂತರ್ಜಲವನ್ನು ಕಾಯುವ ವ್ಯವಸ್ಥೆ. ಕೆರೆಗೆ ನೀರು ತರುವ ಹಳ್ಳಗಳು ಉಳಿದರೆ ಮಾತ್ರ ಕೆರೆ ಉಳಿಯುತ್ತದೆ. ಕೆರೆಯ ಅಂಗಳವನ್ನು ಒತ್ತಿದವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಹಳ್ಳದ ದಾರಿ ಮುಚ್ಚಿದವರು ಕಾಣುವುದು ಮಳೆ ಬಂದಾಗ ಮಾತ್ರ.

ಬಾವಿ ಎಲ್ಲರದೂ ಆಗಿರಲಿಲ್ಲ

ಹಳೆಯ ಕಾಲದ ಬಯಲು, ಬಾವಿಗಳ ಬಗ್ಗೆ ಹೇಳುವಾಗ ಒಂದು ಕಹಿ ಸತ್ಯವನ್ನು ಮರೆಯಬಾರದು. ಅವು ಹೆಸರಿಗೆ ಊರಿನವಾದರೂ ಊರಿನ ಎಲ್ಲರಿಗೂ ಸೇರಿರಲಿಲ್ಲ. ಅಸ್ಪೃಶ್ಯರೆಂದು ದೂರ ಇಡಲ್ಪಟ್ಟವರು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಬೇರೆಯವರು ನೀರು ಹೊಯ್ಯುವವರೆಗೆ ಕೊಡ ಹಿಡಿದು ಕಾಯಬೇಕಿತ್ತು.

ಆಗ ಈ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಗೊತ್ತುವಳಿಯನ್ನು ಎಸ್.ಕೆ. ಬೋಲೆ ಅವರು 1923ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಂಡಿಸಿದರು, ಅದು ಅಂಗೀಕಾರವಾಯಿತು. ಕಾಗದದ ಮೇಲಿನ ಹಕ್ಕು ತಾನಾಗಿ ನೀರಾಗಲಿಲ್ಲ. ಅದೇ ಪ್ರಾಂತ್ಯದ ಮಹಾಡದಲ್ಲಿ ಚವದಾರ ಕೆರೆಯ ನೀರು ಮುಟ್ಟಲು 1927ರಲ್ಲಿ ಡಾ. ಅಂಬೇಡ್ಕರ್ ಅವರು ಸತ್ಯಾಗ್ರಹವನ್ನೇ ಹೂಡಬೇಕಾಯಿತು. ಮುಂದೆ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಜೊತೆಗೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮತ್ತು ಸಾರ್ವಜನಿಕರು ಸೇರುವ ಸ್ಥಳಗಳನ್ನು ಹೆಸರಿಸಿ ಭೇದಭಾವ ಮಾಡಕೂಡದೆಂದು ಬರೆಯಲಾಯಿತು. ಒಂದು ದೇಶದ ಸಂವಿಧಾನದಲ್ಲಿ ಬಾವಿಯ ಹೆಸರು ಬಂದಿದೆಯೆಂದರೆ ಆ ಬಾವಿಯ ಹಿಂದೆ ಎಂಥ ಇತಿಹಾಸವಿರಬೇಕು!

ಆದ್ದರಿಂದ 'ಹಿಂದಿನದೆಲ್ಲ ಚೆನ್ನಾಗಿತ್ತು' ಎನ್ನುವುದು ಅರ್ಧ ಸತ್ಯ. ಹಿಂದಿನವರು ಜಾಗ ಬಿಟ್ಟರು. ಅದನ್ನು ಎಲ್ಲರ ಜಾಗ ಮಾಡುವ ಕೆಲಸ ಆಮೇಲೆ, ಹೋರಾಟದಿಂದ ಆಯಿತು. ಆ ಕೆಲಸ ಇನ್ನೂ ಪೂರ್ತಿಯಾಗಿಲ್ಲ. ಸಂಜೆಯ ಹೊತ್ತು ಊರಿನ ಯಾವುದೇ ಮೈದಾನಕ್ಕೆ ಹೋಗಿ ಎಣಿಸಿ: ಆಡುವ ಹುಡುಗರೆಷ್ಟು, ಹುಡುಗಿಯರೆಷ್ಟು? ಬೇಲಿ ಇಲ್ಲದಿದ್ದರೂ ಒಳಗೆ ಬರಲಾಗದ ಜಾಗಗಳೂ ಇರುತ್ತವೆ.

ವೃತ್ತಕ್ಕೆ ಬರುವ ಜನ

ಹಾವೇರಿಯ ಹೊಸಮನಿ ಸಿದ್ದಪ್ಪ ವೃತ್ತಕ್ಕೆ ಸ್ವಾತಂತ್ರ್ಯ ಹೋರಾಟದ ಮುಂದಾಳೊಬ್ಬರ ಹೆಸರಿದೆ. ರೈತರಿರಲಿ, ವಿದ್ಯಾರ್ಥಿಗಳಿರಲಿ, ನೌಕರರಿರಲಿ, ಮಾತು ಹೇಳಬೇಕಾದಾಗ ಇಲ್ಲಿಗೆ ಬರುತ್ತಾರೆ. ನಗರದ ವೀರಸೌಧ ಮೈಲಾರ ಮಹಾದೇವಪ್ಪನವರ ಸ್ಮಾರಕ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಅವರು 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದ ತಂಡದಲ್ಲಿದ್ದ ಕನ್ನಡಿಗ. ಸರ್ಕಾರ ರೈತರಿಂದ ವಸೂಲಿ ಮಾಡಿದ್ದ ಕಂದಾಯವನ್ನು ವಶಪಡಿಸಿಕೊಳ್ಳಲು ಹೊಸರಿತ್ತಿಗೆ ಹೋದಾಗ 1943ರ ಏಪ್ರಿಲ್ 1ರಂದು ಪೊಲೀಸರ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಹುತಾತ್ಮರಾದರು. ಹಾವೇರಿಯ ರೈಲು ನಿಲ್ದಾಣಕ್ಕೂ ಇಂದು ಮಹಾದೇವಪ್ಪನವರ ಹೆಸರಿದೆ.

ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾಯಿತು. ಹೊಸ ಜಿಲ್ಲೆಗೆ ಕಚೇರಿಗಳು ಬೇಕು, ಕಚೇರಿಗಳಿಗೆ ನೆಲ ಬೇಕು. ಪೇಟೆಯೊಳಗೆ ಅಷ್ಟು ನೆಲ ಎಲ್ಲಿಯದು? ಜಿಲ್ಲಾಡಳಿತ ಭವನ ಊರ ಹೊರಗೆ ದೇವಗಿರಿಯಲ್ಲಿ ಎದ್ದಿತು. ಇದರಿಂದ ಪೇಟೆಯ ದಟ್ಟಣೆ ತುಸು ತಗ್ಗಿತೆಂಬುದು ನಿಜ. ಆದರೆ ಒಂದು ಸಹಿಗಾಗಿ ಹಳ್ಳಿಯಿಂದ ಬಂದ ಮುದುಕರು ಬಸ್ ನಿಲ್ದಾಣದಲ್ಲಿ ಇಳಿದು ಮತ್ತೊಂದು ವಾಹನ ಹಿಡಿಯುವಂತಾಯಿತು. ಅಧಿಕಾರ ಊರ ಹೊರಗೆ ಹೋಯಿತು, ಜನರ ಸಿಟ್ಟು, ಸಂಕಟ, ಸಂಭ್ರಮ ಹಳೆಯ ವೃತ್ತದಲ್ಲಿಯೇ ಉಳಿಯಿತು.

2008ರ ಜೂನ್ 10ರಂದು ಬಿತ್ತನೆಯ ವೇಳೆಯಲ್ಲಿ ರಸಗೊಬ್ಬರ ಸಿಗದೆ ರೈತರು ಹಾವೇರಿಯ ಬೀದಿಗೆ ಇಳಿದರು. ಪೊಲೀಸರ ಗೋಲಿಬಾರಿನಲ್ಲಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ರಸ್ತೆ ವಾಹನ ಓಡಾಡಲು ಮಾತ್ರ ಇರುವ ಜಾಗವಲ್ಲ, ಮಾತು ಕೇಳದಿದ್ದಾಗ ಜನ ಬಂದು ನಿಲ್ಲುವ ಕೊನೆಯ ಜಾಗವೂ ಹೌದು ಎಂಬುದನ್ನು ಆ ದಿನ ನೆನಪಿಸುತ್ತದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅದೇ ಊರಿಗೆ ನಾಡಿನ ಮೂಲೆ ಮೂಲೆಯ ಜನ ಬಂದು ತುಂಬಿದರು. ದುಃಖಕ್ಕೂ ಹಬ್ಬಕ್ಕೂ ಊರಿಗೆ ಬೇಕಾದದ್ದು ನಾಲ್ಕು ಜನ ನಿಲ್ಲುವಷ್ಟು ಜಾಗ.

ರಾಣೆಬೆನ್ನೂರು: ಕೋಟೆಯಿಂದ ಹೆದ್ದಾರಿಗೆ

ರಾಣೆಬೆನ್ನೂರು ದಾರಿಯ ಮೇಲಿನ ಊರು. ದಾರಿಯ ಮೇಲಿದ್ದುದರಿಂದಲೇ ಅದಕ್ಕೆ ಕೋಟೆ ಬೇಕಾಯಿತು. ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿ 1800ರ ಜೂನ್ ತಿಂಗಳಲ್ಲಿ ಈ ಕೋಟೆಯನ್ನು ಹಿಡಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದವನು ಅವನೇ.

ಕೋಟೆಯ ಕಾಲ ಮುಗಿದ ಮೇಲೆ ಹತ್ತಿಯ ಕಾಲ ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಕುದುರಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ–ಹರಿಹರದ ಕಡೆ ಹಳಿ ಹಾಕಿದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾದವು. ಪೇಟೆಗಳು ಅಗಸಿಯ ಕಡೆಗಿದ್ದ ಮುಖವನ್ನು ಸ್ಟೇಷನ್ನಿನ ಕಡೆಗೆ ತಿರುಗಿಸಿದವು. ಹತ್ತಿ ಅರೆಯುವ ಗಿರಣಿ, ಗೋದಾಮು, ದಲಾಲಿ ಅಂಗಡಿ, ಹಮಾಲರ ಓಣಿ, ಚಹಾದಂಗಡಿ ಎಲ್ಲವೂ ಆ ದಿಕ್ಕಿಗೆ ಬೆಳೆದವು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟಾರ್ಕಿ ಅವರು 'ವರಲಕ್ಷ್ಮಿ' ಎಂಬ ಮಿಶ್ರತಳಿ ಹತ್ತಿಯನ್ನು ರೂಪಿಸಿದ ನಂತರ ಬೀಜೋತ್ಪಾದನೆ ಈ ಭಾಗದ ಹೊಲಗಳಿಗೆ ಹೊಸ ಕಸುಬಾಯಿತು. ಇಂದು ರಾಣೆಬೆನ್ನೂರೆಂದರೆ ರೈತರಿಗೆ ಬೀಜದ ಪೇಟೆ.

ಊರಿನ ರಸ್ತೆಗಳ ಹೆಸರನ್ನು ಒಮ್ಮೆ ಓದಿ ನೋಡಿ. ರಾಣೆಬೆನ್ನೂರಿನಲ್ಲಿ ಮೇಡ್ಲೇರಿ ರಸ್ತೆ, ಹಲಗೇರಿ ರಸ್ತೆ. ಹಾವೇರಿಯಲ್ಲಿ ಗುತ್ತಲ ರಸ್ತೆ, ಹಾನಗಲ್ ರಸ್ತೆ. ರಸ್ತೆ ಯಾವ ಊರಿಗೆ ಹೋಗುತ್ತದೋ ಅದೇ ಅದರ ಹೆಸರು. ಪಿ.ಬಿ. ರಸ್ತೆ ಎಂದರೆ ಪೂನಾ–ಬೆಂಗಳೂರು ರಸ್ತೆ. ಊರ ನಡುವೆ ಹಾಯ್ದ ಈ ರಸ್ತೆ ಊರಿನವರದಷ್ಟೇ ದಾರಿಹೋಕರದೂ ಆಗಿತ್ತು. ನಾಲ್ಕನೇ ಹೆದ್ದಾರಿ ಅಗಲವಾಗಿ ಊರ ಹೊರಗಿನಿಂದ ಹೋದ ಮೇಲೆ, ಈಗ ಅದರ ಸಂಖ್ಯೆ 48, ದೂರದ ಲಾರಿಗಳು ಹೊರಗೇ ಉಳಿದವು. ಹಳೆಯ ರಸ್ತೆಯ ಅಂಗಡಿ ಸಾಲು, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ ಮಾತ್ರ ಇದ್ದಲ್ಲೇ ಇವೆ. ದೂರ ಪ್ರಯಾಣಕ್ಕೆಂದು ಮಾಡಿದ ರಸ್ತೆಯ ಮೇಲೆ ಈಗ ಮಕ್ಕಳು, ಸೈಕಲ್ಲು, ತಳ್ಳುಗಾಡಿ, ಆಟೋ ಎಲ್ಲವೂ ಸಾಗಬೇಕು. ದಾಟುವುದು ಕಷ್ಟವಾಗಿರುವುದು ಇದೇ ಕಾರಣಕ್ಕೆ.

2011ರ ಜನಗಣತಿಯಲ್ಲಿಯೇ ರಾಣೆಬೆನ್ನೂರಿನ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಜಿಲ್ಲಾಕೇಂದ್ರವಾದ ಹಾವೇರಿಗಿಂತ ಅದು ದೊಡ್ಡ ಊರು. ಬೆಳೆದ ಊರು ಹೊಸ ಬಡಾವಣೆಗಳಾಗಿ ಹರಡಿದೆ. ಹೊಲಗಳು ನಿವೇಶನಗಳಾಗಿವೆ. ಹಳೆಯ ಊರಿನಲ್ಲಿ ಕಟ್ಟೆ ಇತ್ತು. ಹೊಸ ಬಡಾವಣೆಯ ನಕ್ಷೆಯಲ್ಲಿ 'ಉದ್ಯಾನ' ಎಂದು ಹಸಿರು ಬಳಿದ ಚೌಕವಿರುತ್ತದೆ. ಆ ಚೌಕ ನೆಲದ ಮೇಲೆ ಏನಾಗಿದೆ ಎಂದು ಪ್ರತಿ ಬಡಾವಣೆಯವರೂ ಒಮ್ಮೆ ಹೋಗಿ ನೋಡುವುದು ಒಳ್ಳೆಯದು.

ಬ್ಯಾಡಗಿ: ಚೀಲದ ಬಾಯಿ ತೆರೆದಾಗ

ಮೂರು ಪೇಟೆಗಳಲ್ಲಿ ಚಿಕ್ಕದು ಬ್ಯಾಡಗಿ. ಹೆಸರು ಮಾತ್ರ ಅಡುಗೆಮನೆ ಇದ್ದಲ್ಲೆಲ್ಲ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಅದರಲ್ಲಿ ಕಡಿಮೆ, ಕೆಂಪಿಗೆ ಕಾರಣವಾದ ಕ್ಯಾಪ್ಸಾಂಥಿನ್ ಹೆಚ್ಚು. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ದ್ರವ ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಬಣ್ಣ ಕೊಡುತ್ತದೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈಗ ಮಾರುಕಟ್ಟೆಗೆ ಬರುವ ಕಾಯಿಯಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕಡೆಯದು. ಬೆಳೆ ಬೇರೆಡೆಗೆ ಹೋದರೂ ಪೇಟೆ ಕದಲಲಿಲ್ಲ. ತೂಕದವರು, ದಲಾಲರು, ಹಮಾಲರು, ಶೀತಲಗೃಹಗಳು, ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಕಾಯಿ ಕಂಡೊಡನೆ ಜಾತಿ ಹೇಳುವ ಕಣ್ಣುಗಳು ಇದ್ದಲ್ಲಿಯೇ ಪೇಟೆ.

ಹಿಂದೆ ಪೇಟೆಗಳಲ್ಲಿ ದಲಾಲರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ಮಾಲು ತಂದ ರೈತನಿಗೆ ತನ್ನ ಮಾಲಿನ ದರ ಕೊನೆಗೆ ತಿಳಿಯುತ್ತಿತ್ತು. ತೂಕದಲ್ಲಿ, ಧರ್ಮದ ಹೆಸರಿನ ಕಡಿತದಲ್ಲಿ ಕಳೆದುಕೊಳ್ಳುವುದು ಬೇರೆ. ಇದನ್ನು ತಪ್ಪಿಸಲು ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು 1928ರಲ್ಲಿ ಕೃಷಿ ಕುರಿತ ರಾಯಲ್ ಆಯೋಗ ಶಿಫಾರಸು ಮಾಡಿತು. ಮುಂಬಯಿ ಪ್ರಾಂತ್ಯದಲ್ಲಿ 1927ರಲ್ಲಿ ಹತ್ತಿ ಮಾರುಕಟ್ಟೆ ಕಾಯ್ದೆ, 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದವು. ಏಕೀಕರಣದ ಬಳಿಕ ಕರ್ನಾಟಕದ ಕಾಯ್ದೆ 1966ರಲ್ಲಿ ಬಂತು. ಎಪಿಎಂಸಿ ಪ್ರಾಂಗಣದ ಮೂಲ ಕಲ್ಪನೆ ಸರಳ: ಚೀಲದ ಬಾಯಿ ಎಲ್ಲರ ಎದುರು ತೆರೆಯಬೇಕು, ದರ ಎಲ್ಲರಿಗೂ ಕೇಳಿಸಬೇಕು, ತೂಕ ಎಲ್ಲರಿಗೂ ಕಾಣಿಸಬೇಕು. ಅಂದರೆ ಮಾರುಕಟ್ಟೆಯನ್ನು ನಿಜವಾದ ಸಾರ್ವಜನಿಕ ಸ್ಥಳ ಮಾಡುವುದು. ಬೆರಳಿನ ದರ ಹೋಗಿ ಹರಾಜು, ಟೆಂಡರ್ ಬಂದವು, ಟೆಂಡರ್ ಈಗ ಕಂಪ್ಯೂಟರಿಗೆ ಏರಿದೆ.

ಆದರೆ ಜಾಗ ಬಯಲಾದ ಮಾತ್ರಕ್ಕೆ ನಂಬಿಕೆ ಬೆಳೆಯುವುದಿಲ್ಲ. 2024ರ ಮಾರ್ಚ್ 11, ಸೋಮವಾರ, ದರ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದವರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ಧ್ವಂಸ ಮಾಡಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಹಾಗೆಂದು ಕಾರಣ ಕೇಳದೆ ಇರುವುದೂ ಸರಿಯಲ್ಲ. ಒಂದೇ ದಿನ ಲಕ್ಷಗಟ್ಟಲೆ ಚೀಲ ಬರುವ ಪೇಟೆಯಲ್ಲಿ, ನೂರಾರು ಕಿ.ಮೀ. ದೂರದಿಂದ ಬಂದು, ಚೀಲದ ಪಕ್ಕದಲ್ಲೇ ರಾತ್ರಿ ಕಳೆದ ರೈತನಿಗೆ ದರ ಏಕೆ ಇಳಿಯಿತೆಂದು ಹೇಳುವವರು ಬೇಕು, ನೀರು, ನೆರಳು, ಮಲಗಲು ಜಾಗ ಬೇಕು. ಪರದೆಯ ಮೇಲೆ ಮೂಡಿದ ಅಂಕಿಯೂ ಕಾರಣ ತಿಳಿಯದಿದ್ದರೆ ಟವೆಲಿನ ಮರೆಯ ಬೆರಳಿನಂತೆಯೇ ಕಾಣುತ್ತದೆ.

ಬ್ಯಾಡಗಿಯ ಇನ್ನೊಂದು ಕಥೆ ಮುಖ್ಯರಸ್ತೆಯದು. ಹೆದ್ದಾರಿ ಇರುವುದು ಮೋಟೆಬೆನ್ನೂರಿನಲ್ಲಿ. ಅಲ್ಲಿಂದ ಬ್ಯಾಡಗಿಯ ಮೇಲೆ ಶಿರಾಳಕೊಪ್ಪದ ಕಡೆ ಹೋಗುವ ರಸ್ತೆಯೇ ಊರಿನ ಮುಖ್ಯರಸ್ತೆ. ಗಾಡಿಗಳ ಕಾಲಕ್ಕೆ ಸಾಕಾಗಿದ್ದ ಅಗಲ ಲಾರಿಗಳ ಕಾಲಕ್ಕೆ ಸಾಲದಾಯಿತು. ಅಗಲೀಕರಣ ಬೇಕೆಂದು ಒಂದು ಕಡೆ ಹೋರಾಟ, ತಲೆಮಾರಿನ ಅಂಗಡಿ ಹೋಗುತ್ತದೆಂದು ಇನ್ನೊಂದು ಕಡೆ ಆತಂಕ. ವಿವಾದ ವರ್ಷಗಟ್ಟಲೆ ಎಳೆದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಇಲ್ಲಿ ಒಬ್ಬರು ಒಳ್ಳೆಯವರು, ಇನ್ನೊಬ್ಬರು ಕೆಟ್ಟವರು ಎಂದು ಹೇಳುವುದು ಸುಲಭವಲ್ಲ. ನೂರು ವರ್ಷದ ಹಿಂದೆ ಹತ್ತು ಅಡಿ ಹೆಚ್ಚು ಬಿಡುವುದಕ್ಕೆ ಆಗುತ್ತಿದ್ದ ಖರ್ಚು ಬಹಳ ಕಡಿಮೆ. ಇಂದು ಅದೇ ಹತ್ತು ಅಡಿಗೆ ಪರಿಹಾರದ ಹಣ, ಕಣ್ಣೀರು, ನೆರೆಹೊರೆಯ ಮನಸ್ತಾಪ ಎಲ್ಲವನ್ನೂ ತೆರಬೇಕು.

ಹೊರಗಿನ ಎರಡು ನಿದರ್ಶನ

ಅಮೆರಿಕದ ಬಾಸ್ಟನ್ ನಗರದ ನಡುವೆ 'ಕಾಮನ್' ಎಂಬ ವಿಶಾಲ ಬಯಲಿದೆ. 1634ರಲ್ಲಿ ಊರಿನವರು ಮನೆಗಿಷ್ಟು ಎಂದು ಹಣ ಕೂಡಿಸಿ ದನ ಮೇಯಿಸಲು ಕೊಂಡ ಜಾಗ ಅದು, ನಮ್ಮ ಗೋಮಾಳದಂತೆ. 1830ರಲ್ಲಿ ಅಲ್ಲಿ ದನ ಬಿಡುವುದನ್ನು ನಿಲ್ಲಿಸಿದರು, ಆದರೆ ಜಾಗವನ್ನು ಮಾರಲಿಲ್ಲ. ಸುತ್ತ ಮಹಾನಗರ ಬೆಳೆದರೂ ಬಯಲು ಉಳಿದು ಇಂದು ಅದು ಎಲ್ಲರ ಉದ್ಯಾನ. ರೋಮಿನ ಕಥೆ ಇದಕ್ಕೆ ತಿರುವುಮುರುವು. ಒಂದು ಕಾಲಕ್ಕೆ ಸಾಮ್ರಾಜ್ಯದ ಹೃದಯವಾಗಿದ್ದ 'ಫೋರಂ' ಎಂಬ ಚೌಕ ಪಾಳುಬಿದ್ದು ಮಣ್ಣಿನಲ್ಲಿ ಹೂತು, ಜನ ಅದನ್ನು 'ದನದ ಬಯಲು' ಎಂದೇ ಕರೆಯುವಂತಾಯಿತು. ಗೋಮಾಳ ಉದ್ಯಾನವಾಗಬಹುದು, ಉದ್ಯಾನ ಗೋಮಾಳವಾಗಬಹುದು. ಜಾಗ ಉಳಿದಿದ್ದರೆ ಎರಡೂ ಸಾಧ್ಯ. ಮಾರಿದರೆ ಯಾವುದೂ ಸಾಧ್ಯವಿಲ್ಲ.

ಥರ್ಮಾಮೀಟರು ಹೇಳುವ ಸತ್ಯ

ಬಯಲಿನ ಬೆಲೆಯನ್ನು ಹಣದಲ್ಲಿ ಮಾತ್ರವಲ್ಲ, ಉಷ್ಣತೆಯಲ್ಲಿಯೂ ಅಳೆಯಬಹುದು. ಡಾಂಬರು ಮತ್ತು ಕಾಂಕ್ರೀಟು ಹಗಲಿಡೀ ಬಿಸಿಲನ್ನು ಹೀರಿ ರಾತ್ರಿ ನಿಧಾನವಾಗಿ ಹೊರಬಿಡುತ್ತವೆ. ಪೇಟೆಯ ಒಳಗಿನ ರಾತ್ರಿ ಹೊಲದ ರಾತ್ರಿಗಿಂತ ಸೆಕೆಯಾಗಿರುವುದು ಇದರಿಂದ. ಮರ ಎರಡು ರೀತಿಯಲ್ಲಿ ತಂಪು ನೀಡುತ್ತದೆ: ಬಿಸಿಲು ನೆಲಕ್ಕೆ ತಾಗದಂತೆ ತಡೆಯುತ್ತದೆ, ಎಲೆಗಳಿಂದ ನೀರನ್ನು ಆವಿಯಾಗಿ ಬಿಟ್ಟು ಗಾಳಿಯ ಶಾಖವನ್ನು ಬಳಸಿಕೊಳ್ಳುತ್ತದೆ. ಮಣ್ಣಿನ ಮೈದಾನ ಮಳೆನೀರನ್ನು ಕುಡಿದು ಚರಂಡಿಯ ಹೊರೆ ಇಳಿಸುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಮಧ್ಯಾಹ್ನ ಎರಡು ಗಂಟೆಗೆ ಡಾಂಬರು ರಸ್ತೆಯ ಅಂಚು, ಶಾಲೆಯ ಮೈದಾನ, ಬೇವಿನ ಮರದ ಕಟ್ಟೆ ಈ ಮೂರು ಕಡೆ ಒಂದೇ ಎತ್ತರದಲ್ಲಿ, ನೇರ ಬಿಸಿಲು ತಾಗದಂತೆ ಮರೆಮಾಡಿ ಥರ್ಮಾಮೀಟರು ಹಿಡಿದು ಹದಿನೈದು ದಿನ ಬರೆದಿಡಲಿ. ತಳ ತೆಗೆದ ಡಬ್ಬಿಯನ್ನು ಮೈದಾನದ ಮಣ್ಣಿಗೆ ಒತ್ತಿ, ಒಂದು ಲೀಟರ್ ನೀರು ಸುರಿದು, ಇಂಗಲು ಎಷ್ಟು ಹೊತ್ತು ಬೇಕೆಂದು ನೋಡಲಿ. ಅದನ್ನೇ ತುಳಿದು ಗಟ್ಟಿಯಾದ ಕಾಲುದಾರಿಯಲ್ಲಿಯೂ ಮಾಡಲಿ. ಎರಡು ಅಂಕಿಗಳ ವ್ಯತ್ಯಾಸ ಸಾವಿರ ಮಾತಿಗಿಂತ ಹೆಚ್ಚು ಹೇಳುತ್ತದೆ.

ಕಾನೂನು ಇದೆ, ಕೇಳುವವರು ಬೇಕು

ಬಯಲನ್ನು ಉಳಿಸಲು ಕಾನೂನು ಇಲ್ಲವೆಂದಲ್ಲ. ಬಡಾವಣೆಗಳಲ್ಲಿ ಉದ್ಯಾನ ಮತ್ತು ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕೆಂಬ ನಿಯಮಗಳಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಆಧಾರ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರ ರಾಜ್ಯ ಕಾಯ್ದೆಯಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು. ರಸ್ತೆ ಬದಿಯ ತರಕಾರಿ ಬುಟ್ಟಿಗೂ ಊರಿನಲ್ಲಿ ಹಕ್ಕಿನ ಜಾಗವಿದೆ ಎಂದು ಇದರ ಅರ್ಥ.

ಪಾಲಕರು ಮನೆ ಕೊಳ್ಳುವಾಗ ಕೋಣೆ ಎಷ್ಟು, ನೀರು ಹೇಗೆ ಎಂದು ಕೇಳುತ್ತಾರೆ. ಮಕ್ಕಳು ಆಡಲು ಎಲ್ಲಿಗೆ ಹೋಗಬೇಕು ಎಂದೂ ಕೇಳಬೇಕು. ಹಾವೇರಿಯ ಮುನ್ಸಿಪಲ್ ಹೈಸ್ಕೂಲ್ ಮೈದಾನದಲ್ಲಿ ಆಟವೂ ನಡೆಯುತ್ತದೆ, ಸಭೆ ಸಮಾರಂಭಗಳೂ ನಡೆಯುತ್ತವೆ. ಹಿಂದಿನ ಪುರಸಭೆಯವರು ಶಾಲೆಯ ಜೊತೆಗೆ ಬಯಲನ್ನೂ ಇಟ್ಟುಕೊಂಡದ್ದರಿಂದ ಅದು ಸಾಧ್ಯವಾಗಿದೆ. ಅವರಿಗೆ ಇದ್ದ ಆದಾಯ ಕಡಿಮೆ. ಊರ ಬಾಯಲ್ಲಿ ನಾಕಾ ಇಟ್ಟು ಜಕಾತಿ ವಸೂಲು ಮಾಡಿ ಊರು ನಡೆಸುತ್ತಿದ್ದ ಕಾಲ ಅದು. ರಾಜ್ಯದಲ್ಲಿ ಜಕಾತಿ ರದ್ದಾದದ್ದು 1979ರಲ್ಲಿ.

ರಜೆಯಲ್ಲಿ ಮಾಡಲು ಮಕ್ಕಳಿಗೊಂದು ಕೆಲಸವಿದೆ. ಈ ಭಾಗದ ಪಟ್ಟಣಗಳಿಗೆ ಸಿಟಿ ಸರ್ವೆ ಕಚೇರಿಯ ನಕ್ಷೆಗಳಿವೆ. ತಮ್ಮ ಓಣಿಯ ನಕ್ಷೆ ನೋಡಿ, ಅದರಲ್ಲಿ ಬಾವಿ, ಕಟ್ಟೆ, ಬಯಲು, ಹಳ್ಳ ಎಂದಿರುವ ಜಾಗಗಳನ್ನು ಗುರುತು ಹಾಕಿಕೊಳ್ಳಲಿ. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಆ ಜಾಗದಲ್ಲಿ ಏನೇನು ನಡೆಯುತ್ತಿತ್ತು, ಯಾರು ಬರಬಹುದಿತ್ತು, ಯಾರು ಬರುವಂತಿರಲಿಲ್ಲ ಎಂದು ಬರೆದುಕೊಳ್ಳಲಿ. ಆಮೇಲೆ ಕಾಲ್ನಡಿಗೆಯಲ್ಲಿ ಹೋಗಿ ಈಗ ಅಲ್ಲಿ ಏನಿದೆ ಎಂದು ನೋಡಲಿ. ಉಳಿದಿರುವ ಜಾಗಗಳ ಪಟ್ಟಿಯೊಂದನ್ನು ಶಾಲೆಯ ಗೋಡೆಗೆ ಹಚ್ಚಲಿ, ಇನ್ನೊಂದನ್ನು ನಗರಸಭೆಗೆ ಇಲ್ಲವೇ ಪುರಸಭೆಗೆ ಕೊಡಲಿ.

ಪಟ್ಟಿ ಚಿಕ್ಕದಿರಬಹುದು. ಮುಂದಿನ ತಲೆಮಾರಿನ ಮಕ್ಕಳು ಅದೇ ನಕ್ಷೆ ಹಿಡಿದು ಬಂದಾಗ ಅದು ಇನ್ನೂ ಚಿಕ್ಕದಾಗಬಾರದು, ಅಷ್ಟೆ.